ಕೆಡುವ ಮುನ್ನ: ಎಫ್‌ಎಂಇಎ ನಡೆದು ಬಂದ ದಾರಿ

ಒಂದು ಯಂತ್ರವೋ ಅದರ ಭಾಗವೋ ಕೆಲಸದ ಒಂದು ಹಂತವೋ ಯಾವ ಯಾವ ಬಗೆಯಲ್ಲಿ ಕೈಕೊಡಬಹುದು, ಕೈಕೊಟ್ಟರೆ ಏನಾಗುತ್ತದೆ, ಅದಕ್ಕೆ ಕಾರಣವೇನಿರಬಹುದು, ಅದನ್ನು ತಡೆಯಲು ಈಗ ಏನು ಏರ್ಪಾಡಿದೆ ಎಂಬುದನ್ನು ಸಾಲುಸಾಲಾಗಿ ಬರೆದು, ಮೊದಲು ಯಾವುದಕ್ಕೆ ಕೈಹಾಕಬೇಕೆಂದು ತೀರ್ಮಾನಿಸುವ ಪದ್ಧತಿಗೆ ‘ಫೇಲ್ಯೂರ್ ಮೋಡ್ ಅಂಡ್ ಎಫೆಕ್ಟ್ಸ್ ಅನಾಲಿಸಿಸ್’ ಎಂದು ಹೆಸರು. ಕಾರ್ಖಾನೆಗಳಲ್ಲಿ ಎಲ್ಲರ ಬಾಯಲ್ಲೂ ಅದು ಎಫ್‌ಎಂಇಎ. ಗುಣಮಟ್ಟ ವಿಭಾಗಕ್ಕೆ ಹೊಸದಾಗಿ ಸೇರಿದ ಎಂಜಿನಿಯರ್ ಮೊದಲ ವರ್ಷದಲ್ಲೇ ಕಲಿಯಬೇಕಾದ ವಿದ್ಯೆ ಇದು. ಕಂಪ್ಯೂಟರಿನ ಪರದೆಯ ಮೇಲೆ ಅಡ್ಡ ಉದ್ದ ಗೆರೆಗಳ ಒಂದು ಕೋಷ್ಟಕವಾಗಿ ಮಾತ್ರ ಅದು ಕಾಣಿಸುವುದರಿಂದ, ಅದರ ಒಂದೊಂದು ಕಾಲಂ ಹಿಂದೆಯೂ ಒಂದೊಂದು ಅನುಭವವಿದೆ, ಕೆಲವದರ ಹಿಂದೆ ಜೀವಗಳೇ ಹೋಗಿವೆ ಎಂಬುದು ಕಲಿಯುವವರಿಗೆ ತಿಳಿಯುವುದು ತಡವಾಗಿ. ಬರೆದಿಟ್ಟ ಅಪಾಯಕ್ಕೂ ಅದರ ಮೇಲೆ ತೆಗೆದುಕೊಂಡ ಕ್ರಮಕ್ಕೂ ನಡುವೆ ಇದ್ದ ಅಂತರವೇ ಈ ಪದ್ಧತಿಯನ್ನು ಮತ್ತೆ ಮತ್ತೆ ತಿದ್ದಿದೆ.

ಇದರ ಹುಟ್ಟು ಅಮೆರಿಕದ ಸೇನೆಯಲ್ಲಿ. ಎರಡನೆಯ ಮಹಾಯುದ್ಧದ ಹೊತ್ತಿಗೆ ರೇಡಾರ್, ರೇಡಿಯೊ, ಗುರಿ ಲೆಕ್ಕಹಾಕುವ ಉಪಕರಣಗಳು ಹಡಗು ವಿಮಾನಗಳನ್ನೆಲ್ಲ ತುಂಬಿಕೊಂಡಿದ್ದವು. ಅವೆಲ್ಲ ನಡೆಯುತ್ತಿದ್ದದ್ದು ಗಾಜಿನ ವಾಲ್ವ್‌ಗಳಿಂದ. ಹಳೆಯ ವಾಲ್ವ್ ರೇಡಿಯೊ ಇಟ್ಟುಕೊಂಡಿದ್ದ ಮನೆಯವರಿಗೆ ಆ ಕಷ್ಟ ಗೊತ್ತು: ವಾಲ್ವ್ ಬಿಸಿಯಾಗುತ್ತದೆ, ಅದರ ತಂತಿ ಸುಟ್ಟುಹೋಗುತ್ತದೆ, ಹೊಸದನ್ನು ಹಾಕುವ ತನಕ ರೇಡಿಯೊ ಮೂಕ. ಮನೆಯ ರೇಡಿಯೊದಲ್ಲಿ ಐದಾರು ವಾಲ್ವ್‌ಗಳಿದ್ದರೆ, 1945ರಲ್ಲಿ ಸಿದ್ಧವಾದ ಎನಿಯಾಕ್ ಗಣಕಯಂತ್ರದಲ್ಲಿ ಸುಮಾರು 18,000 ಇದ್ದವು. ಒಂದೊಂದೂ ಚೆನ್ನಾಗಿಯೇ ಇರುವ ಭಾಗಗಳನ್ನು ಸಾವಿರಗಟ್ಟಲೆ ಸೇರಿಸಿದಾಗ ಇಡೀ ಯಂತ್ರ ಏಕೆ ನೆಚ್ಚಿಕೆಗೆ ಬಾರದು ಎಂಬ ಪ್ರಶ್ನೆ ಆಗ ದೊಡ್ಡದಾಗಿ ಎದ್ದು ನಿಂತಿತು.

ಉತ್ತರವನ್ನು ಲೆಕ್ಕದ ರೂಪದಲ್ಲಿ ಸ್ಪಷ್ಟವಾಗಿ ಮುಂದಿಟ್ಟವರಲ್ಲಿ ರಾಬರ್ಟ್ ಲುಸ್ಸರ್ ಮುಖ್ಯ. ಯುದ್ಧಕಾಲದಲ್ಲಿ ಜರ್ಮನಿಯ ವಿ-1 ಹಾರುಬಾಂಬಿನ ವಿನ್ಯಾಸದಲ್ಲಿ ಕೆಲಸ ಮಾಡಿ, ಬಳಿಕ ಅಮೆರಿಕಕ್ಕೆ ಹೋಗಿ ಅಲ್ಲಿನ ಕ್ಷಿಪಣಿ ಯೋಜನೆಯಲ್ಲಿ ಸೇರಿದ ಎಂಜಿನಿಯರ್ ಆತ. ಸರಣಿಯಾಗಿ ಜೋಡಿಸಿದ ಭಾಗಗಳಲ್ಲಿ ಒಂದು ಕೆಟ್ಟರೂ ಇಡೀ ವ್ಯವಸ್ಥೆ ನಿಲ್ಲುವುದಾದರೆ, ವ್ಯವಸ್ಥೆಯ ನೆಚ್ಚಿಕೆ ಎಂದರೆ ಎಲ್ಲ ಭಾಗಗಳ ನೆಚ್ಚಿಕೆಯ ಗುಣಲಬ್ಧ. ನೂರು ಭಾಗಗಳಿದ್ದು, ಪ್ರತಿಯೊಂದೂ ಶೇ. 99ರಷ್ಟು ನೆಚ್ಚಿಕೆಯದಾದರೆ, ಇಡೀ ಯಂತ್ರ ಸರಿಯಾಗಿ ಕೆಲಸ ಮಾಡುವ ಸಾಧ್ಯತೆ ಶೇ. 37ಕ್ಕಿಂತಲೂ ಕಡಿಮೆ. ಸರಪಳಿಯ ಬಲ ಅದರ ದುರ್ಬಲ ಕೊಂಡಿಯಷ್ಟು ಎಂಬ ಹಳೆಯ ನಂಬಿಕೆಗಿಂತ ಇದು ಕಠಿಣವಾದ ಮಾತು. ದುರ್ಬಲ ಕೊಂಡಿ ಯಾವುದೂ ಇಲ್ಲದಿದ್ದರೂ ಸರಪಳಿ ತುಂಡಾಗಬಹುದು ಎಂದು ಈ ಲೆಕ್ಕ ಹೇಳಿತು.

ಹಾಗಿದ್ದಮೇಲೆ ಪ್ರತಿ ಭಾಗವನ್ನೂ ಕುಳಿತು ಪರಿಶೀಲಿಸದೆ ವಿಧಿಯಿಲ್ಲ. ಅದನ್ನು ಕ್ರಮವಾಗಿ ಮಾಡುವುದು ಹೇಗೆಂದು ಹೇಳಿದ ಮೊದಲ ಅಧಿಕೃತ ದಾಖಲೆ 1949ರ ನವೆಂಬರ್ 9ರ ದಿನಾಂಕ ಹೊತ್ತ ‘ಮಿಲ್-ಪಿ-1629’. ಉಪಕರಣ ಕೆಟ್ಟರೆ ಕಾರ್ಯಾಚರಣೆಯ ಯಶಸ್ಸಿಗೆ ಏನಾಗುತ್ತದೆ, ಜನರ ಮತ್ತು ಸಾಮಗ್ರಿಯ ಸುರಕ್ಷತೆಗೆ ಏನಾಗುತ್ತದೆ ಎಂಬುದನ್ನು ನೋಡಿ ಅದು ವೈಫಲ್ಯಗಳನ್ನು ವಿಂಗಡಿಸಿತು. ಮುಂದೆ ಇದೇ ದಾಖಲೆ ಸೇನಾ ಮಾನಕವಾಗಿ ಬೆಳೆದು, 1980ರ ನವೆಂಬರ್‌ನಲ್ಲಿ ‘ಮಿಲ್-ಎಸ್‌ಟಿಡಿ-1629ಎ’ ಎಂಬ ರೂಪ ತಾಳಿತು. ಅದರಲ್ಲಿ ತೀವ್ರತೆಗೆ ನಾಲ್ಕು ದರ್ಜೆ: ಸಾವು ಅಥವಾ ಇಡೀ ವ್ಯವಸ್ಥೆಯ ನಾಶ ಮೊದಲನೆಯದು, ಗಂಭೀರ ಗಾಯ ಅಥವಾ ಕಾರ್ಯಾಚರಣೆಯ ನಷ್ಟ ಎರಡನೆಯದು, ಸಣ್ಣ ಪ್ರಮಾಣದ ಹಾನಿ, ವಿಳಂಬ ಮೂರನೆಯದು, ಅನಿರೀಕ್ಷಿತ ದುರಸ್ತಿಯಷ್ಟನ್ನೇ ಕೇಳುವಂಥದ್ದು ನಾಲ್ಕನೆಯದು. ಮಾನಕವನ್ನು ಸೇನೆ 1998ರಲ್ಲಿ ಅಧಿಕೃತವಾಗಿ ಹಿಂತೆಗೆದುಕೊಂಡರೂ ರಕ್ಷಣಾ ಮತ್ತು ವೈಮಾನಿಕ ಉದ್ಯಮದಲ್ಲಿ ಅದರ ಬಳಕೆ ನಿಂತಿಲ್ಲ.

ಈ ಮಾನಕ ರೂಪುಗೊಳ್ಳುತ್ತಿದ್ದ ದಶಕಗಳಲ್ಲೇ ಇನ್ನೊಂದು ದಾರಿಯೂ ತೆರೆಯಿತು. 1962ರ ಸುಮಾರಿಗೆ ಬೆಲ್ ಪ್ರಯೋಗಾಲಯದ ಎಚ್. ಎ. ವಾಟ್ಸನ್ ಮಿನಿಟ್‌ಮನ್ ಕ್ಷಿಪಣಿಯ ಉಡಾವಣಾ ನಿಯಂತ್ರಣಕ್ಕಾಗಿ ‘ಫಾಲ್ಟ್ ಟ್ರೀ’ ವಿಧಾನವನ್ನು ರೂಪಿಸಿದರು. ಅಲ್ಲಿ ಕೊನೆಯ ಅನಾಹುತವನ್ನು, ಹೇಳುವುದಾದರೆ ಕ್ಷಿಪಣಿ ತಾನಾಗಿ ಹಾರುವುದನ್ನು, ಮೇಲಿಟ್ಟು ಅದಕ್ಕೆ ಕಾರಣವಾಗಬಲ್ಲ ಸಂಗತಿಗಳನ್ನು ಕೆಳಕ್ಕೆ ಹುಡುಕುತ್ತ ಹೋಗುತ್ತಾರೆ. ಎಫ್‌ಎಂಇಎ ಕೆಳಗಿನಿಂದ, ಒಂದೊಂದೇ ಭಾಗದಿಂದ, ಮೇಲಕ್ಕೆ ಬರುತ್ತದೆ. ಒಂದೇ ಸಮಯದಲ್ಲಿ ಎರಡು ಮೂರು ಸಂಗತಿಗಳು ಸೇರಿ ಆಗುವ ಅನಾಹುತವನ್ನು ಹಿಡಿಯುವುದರಲ್ಲಿ ಎಫ್‌ಎಂಇಎ ಹಿಂದೆ, ಒಂದು ಭಾಗವನ್ನೂ ಬಿಡದೆ ನೋಡುವುದರಲ್ಲಿ ಮುಂದೆ. ಎರಡನ್ನೂ ಕಲಿತ ಎಂಜಿನಿಯರ್‌ಗೆ ಮಾತ್ರ ಇವುಗಳ ಮಿತಿ ಸರಿಯಾಗಿ ಅರ್ಥವಾಗುತ್ತದೆ.

ಪದ್ಧತಿ ಹದಗೊಂಡದ್ದು ಚಂದ್ರಯಾತ್ರೆಯ ಕೆಲಸದಲ್ಲಿ. ಅಪೊಲೊ ಯೋಜನೆಗಾಗಿ ನಾಸಾ 1966ರಲ್ಲಿ ತನ್ನದೇ ವಿಧಿವಿಧಾನವನ್ನು ಹೊರತಂದಿತು. ಒಂದೇ ಭಾಗ ಕೆಟ್ಟು ಯಾತ್ರಿಗಳ ಪ್ರಾಣಕ್ಕೆ ಕುತ್ತು ಬರುವ ಜಾಗ ಎಲ್ಲೆಲ್ಲಿದೆ ಎಂದು ಹುಡುಕಿ, ಅಂಥ ಭಾಗಗಳನ್ನು ಪ್ರತ್ಯೇಕ ಪಟ್ಟಿ ಮಾಡಿ, ಒಂದಕ್ಕೆ ಎರಡು ಏರ್ಪಾಡು ಮಾಡುವುದು ಅದರ ತಿರುಳು. ಎರಡು ಮಾಡಲು ಸಾಧ್ಯವಿಲ್ಲದ ಕಡೆ ಭಾಗವನ್ನು ಆದಷ್ಟು ಸರಳಗೊಳಿಸಬೇಕು. ಚಂದ್ರನ ನೆಲದಿಂದ ಯಾತ್ರಿಗಳನ್ನು ಮೇಲೆತ್ತುವ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಹೊತ್ತಿಕೊಳ್ಳದಿದ್ದರೆ ಇಬ್ಬರೂ ಅಲ್ಲೇ ಉಳಿಯಬೇಕು; ಬದಲಿ ಎಂಜಿನ್ ಹೊತ್ತೊಯ್ಯುವಷ್ಟು ತೂಕಕ್ಕೆ ಅವಕಾಶವಿಲ್ಲ. ಆದ್ದರಿಂದ ಅದರಲ್ಲಿ ಕಿಡಿ ಹೊತ್ತಿಸುವ ಸಾಧನವನ್ನೇ ಇಡಲಿಲ್ಲ: ಇಂಧನ ಮತ್ತು ಉತ್ಕರ್ಷಕ ಒಂದನ್ನೊಂದು ಮುಟ್ಟಿದರೆ ಸಾಕು, ತಾವೇ ಉರಿಯುತ್ತವೆ. ಪಂಪೂ ಇಲ್ಲ, ಹೀಲಿಯಂ ಅನಿಲದ ಒತ್ತಡವೇ ದ್ರವಗಳನ್ನು ತಳ್ಳುತ್ತದೆ. ಅತ್ತಿತ್ತ ತಿರುಗುವ ಮೂತಿ ಇಲ್ಲ. ಕೆಡಬಹುದಾದ ಕವಾಟಗಳು ಮಾತ್ರ ಜೋಡಿಯಾಗಿದ್ದವು. ಇಲ್ಲದ ಭಾಗ ಕೆಡುವುದಿಲ್ಲ ಎಂಬ ತರ್ಕ ಇಲ್ಲಿ ಅದರ ಪೂರ್ಣ ರೂಪದಲ್ಲಿ ಕಾಣುತ್ತದೆ.

ಆದರೆ ಅದೇ ಯೋಜನೆಯ ಎರಡು ಅವಘಡಗಳು ಪದ್ಧತಿ ಎಲ್ಲಿ ಸೋರುತ್ತದೆ ಎಂಬುದನ್ನೂ ತೋರಿಸಿದವು. 1967ರ ಜನವರಿ 27ರಂದು ನೆಲದ ಮೇಲೇ ನಡೆಯುತ್ತಿದ್ದ ಪರೀಕ್ಷೆಯಲ್ಲಿ ಅಪೊಲೊ 1ರ ಕೋಶಕ್ಕೆ ಬೆಂಕಿ ಬಿದ್ದು ಗಸ್ ಗ್ರಿಸಮ್, ಎಡ್ ವೈಟ್, ರೋಜರ್ ಚಾಫಿ ಮೂವರೂ ತೀರಿಕೊಂಡರು. ಒಳಗೆ ತುಂಬಿದ್ದುದು ಶುದ್ಧ ಆಮ್ಲಜನಕ, ಅದೂ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡದಲ್ಲಿ. ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. ಬೆಂಕಿಯಿಂದ ಒತ್ತಡ ಏರಿದೊಡನೆ ಅದನ್ನು ಎಳೆಯಲು ಯಾರಿಂದಲೂ ಆಗಲಿಲ್ಲ. ರಾಕೆಟ್ಟಿನಲ್ಲಿ ಇಂಧನ ತುಂಬಿರಲಿಲ್ಲವಾದ್ದರಿಂದ ಆ ಪರೀಕ್ಷೆಯನ್ನು ಅಪಾಯಕಾರಿ ಎಂದೇ ವರ್ಗೀಕರಿಸಿರಲಿಲ್ಲ. ಬಾಹ್ಯಾಕಾಶದ ಅಪಾಯಗಳನ್ನು ಅಷ್ಟು ಎಚ್ಚರದಿಂದ ಎಣಿಸಿದವರ ಕಣ್ಣಿಗೆ ನೆಲದ ಮೇಲಿನ ಅಪಾಯ ಬಿದ್ದಿರಲಿಲ್ಲ. ಬಳಿಕ ಬಾಗಿಲನ್ನು ಹೊರಕ್ಕೆ ಬೇಗನೆ ತೆರೆಯುವಂತೆ ಬದಲಿಸಿದರು, ಉಡಾವಣೆಯ ಹೊತ್ತಿನಲ್ಲಿ ಕೋಶದೊಳಗೆ ಆಮ್ಲಜನಕದ ಜೊತೆ ಸಾರಜನಕವನ್ನೂ ಬೆರೆಸಿದರು. ಯಂತ್ರವನ್ನು ಬಳಸುವ ಹಂತವನ್ನಷ್ಟೇ ಅಲ್ಲದೆ ಜೋಡಿಸುವ, ಪರೀಕ್ಷಿಸುವ, ಸಾಗಿಸುವ ಹಂತಗಳನ್ನೂ ವಿಶ್ಲೇಷಣೆಯ ವ್ಯಾಪ್ತಿಗೆ ತರಬೇಕೆಂಬ ಪಾಠ ಇಲ್ಲಿನದು.

ಎರಡನೆಯದು ಅಪೊಲೊ 13. 1970ರ ಏಪ್ರಿಲ್ 13ರಂದು ಚಂದ್ರನ ದಾರಿಯಲ್ಲಿ ನೌಕೆಯ 2ನೇ ಆಮ್ಲಜನಕ ಟ್ಯಾಂಕ್ ಒಡೆಯಿತು. ತನಿಖೆ ಹಿಂದಕ್ಕೆ ಹಿಂದಕ್ಕೆ ಹೋಗಿ ಕಂಡುಕೊಂಡದ್ದು ಹೀಗೆ. ಟ್ಯಾಂಕಿನೊಳಗಿನ ಹೀಟರಿಗೆ ಒಂದು ಥರ್ಮೋಸ್ಟಾಟ್ ಸ್ವಿಚ್ ಇತ್ತು. ಶಾಖ ಸುಮಾರು 27 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ವಿದ್ಯುತ್ತನ್ನು ಕಡಿಯಬೇಕು. ಮೊದಲ ವಿನ್ಯಾಸ ನೌಕೆಯ 28 ವೋಲ್ಟಿಗೆ. 1965ರಲ್ಲಿ ಉಡಾವಣಾ ಕೇಂದ್ರದ ನೆಲದ ವಿದ್ಯುತ್ತಾದ 65 ವೋಲ್ಟನ್ನೂ ತಾಳಬೇಕೆಂದು ವಿವರಣೆ ಬದಲಾಯಿತು. ಹೀಟರ್ ಬದಲಾಯಿತು, ಸ್ವಿಚ್ ಬದಲಾಗಲಿಲ್ಲ. ಟ್ಯಾಂಕ್ ಮಾಡಿದವರು, ನೌಕೆ ಕಟ್ಟಿದವರು, ನಾಸಾ ಮೂವರ ಪರಿಶೀಲನೆಯಲ್ಲೂ ಇದು ನುಸುಳಿ ಹೋಯಿತು. 1968ರಲ್ಲಿ ಇದೇ ಟ್ಯಾಂಕ್ ಬಿಚ್ಚುವಾಗ ಸುಮಾರು ಐದು ಸೆಂಟಿಮೀಟರ್ ಎತ್ತರದಿಂದ ಬಿದ್ದಿತ್ತು. ಅದರಿಂದ ಒಳಗಿನ ಒಂದು ಕೊಳವೆ ಸಡಿಲವಾಗಿರಬೇಕು. 1970ರ ಮಾರ್ಚ್‌ನ ಪೂರ್ವಪರೀಕ್ಷೆಯ ಬಳಿಕ ಟ್ಯಾಂಕಿನಿಂದ ಆಮ್ಲಜನಕ ಎಂದಿನಂತೆ ಹೊರಬರಲಿಲ್ಲ. ಹೀಟರ್ ಹಚ್ಚಿ ಕುದಿಸಿ ಹೊರಹಾಕೋಣವೆಂದು ಎಂಟು ಗಂಟೆ ಕಾಯಿಸಿದರು. ಸ್ವಿಚ್ ತೆರೆಯಲು ಹೋದಾಗ 65 ವೋಲ್ಟಿನ ಹೊಡೆತಕ್ಕೆ ಅದರ ಮುಖಗಳು ಬೆಸೆದುಕೊಂಡವು. ಒಳಗಿನ ಶಾಖ 500 ಡಿಗ್ರಿ ದಾಟಿರಬಹುದು. ಫಲಕದ ಮೇಲಿನ ಮಾಪಕ 27 ಡಿಗ್ರಿಗಿಂತ ಮೇಲೆ ತೋರಿಸುವಂತೆಯೇ ಇರಲಿಲ್ಲ. ಅದನ್ನು ನೋಡುತ್ತಿದ್ದವನಿಗೆ ಎಲ್ಲ ಸರಿಯಾಗಿಯೇ ಕಂಡಿತು. ತಂತಿಯ ಟೆಫ್ಲಾನ್ ಹೊದಿಕೆ ಬೆಂದು ಬಿರಿದ ಟ್ಯಾಂಕ್ ಆಕಾಶಕ್ಕೆ ಹೋಯಿತು. ಆಮ್ಲಜನಕ ಕಲಕುವ ಫ್ಯಾನ್ ಹಚ್ಚಿದ ಗಳಿಗೆಯಲ್ಲಿ ಕಿಡಿ ಹಾರಿತು.

ಈ ಪ್ರಕರಣವನ್ನು ಎಫ್‌ಎಂಇಎ ಕಲಿಯುವವರು ಸಾವಧಾನವಾಗಿ ಓದಬೇಕು. ಸ್ವಿಚ್ಚನ್ನು ಮಾತ್ರ ನೋಡಿದರೆ ಅದು ತನ್ನ ವಿವರಣೆಗೆ ತಕ್ಕಂತೆ ಇತ್ತು. ತಪ್ಪು ಇದ್ದದ್ದು ಭಾಗದಲ್ಲಲ್ಲ, ಎರಡು ಭಾಗಗಳು, ಎರಡು ಸಂಸ್ಥೆಗಳು ಸೇರುವ ಜಾಗದಲ್ಲಿ. ಕೋಷ್ಟಕ ತುಂಬುವ ಮೊದಲು ವ್ಯವಸ್ಥೆಯ ಎಲ್ಲೆಯನ್ನು ಚಿತ್ರಿಸಿ, ಯಾವ ಭಾಗ ಯಾವುದಕ್ಕೆ ವಿದ್ಯುತ್ತು, ಶಾಖ, ದ್ರವ, ಮಾಹಿತಿ ಕೊಡುತ್ತದೆ ಎಂದು ಗೆರೆ ಎಳೆದು ತೋರಿಸಬೇಕೆಂಬ ಇಂದಿನ ನಿಯಮ ಇರುವುದು ಇಂಥ ತಪ್ಪನ್ನು ಹಿಡಿಯುವುದಕ್ಕಾಗಿಯೇ.

ಬಾಹ್ಯಾಕಾಶದಿಂದ ಈ ವಿಚಾರ ಅಡುಗೆಮನೆಗೂ ಬಂತು. ಯಾತ್ರಿಗಳ ಆಹಾರ ಕೆಡದಂತೆ ನೋಡಿಕೊಳ್ಳಲು ಪಿಲ್ಸ್‌ಬರಿ ಕಂಪನಿ, ನಾಸಾ ಮತ್ತು ಸೇನೆಯ ನೇಟಿಕ್ ಪ್ರಯೋಗಾಲಯ ಸೇರಿ 1960ರ ದಶಕದಲ್ಲಿ ರೂಪಿಸಿದ ಕ್ರಮ ಮುಂದೆ ‘ಎಚ್‌ಎಸಿಸಿಪಿ’ ಎಂಬ ಹೆಸರಿನಲ್ಲಿ ಜಗತ್ತಿನ ಆಹಾರ ಕಾರ್ಖಾನೆಗಳಿಗೆಲ್ಲ ಹಬ್ಬಿತು. ತಯಾರಾದ ಡಬ್ಬಿಗಳನ್ನು ಒಡೆದು ಪರೀಕ್ಷಿಸುತ್ತ ಹೋದರೆ ತಿನ್ನಲು ಏನೂ ಉಳಿಯುವುದಿಲ್ಲ. ಆದ್ದರಿಂದ ಯಾವ ಹಂತದಲ್ಲಿ ಏನು ಕೆಡಬಹುದೆಂದು ಮೊದಲೇ ಗುರುತಿಸಿ ಆ ಹಂತವನ್ನು ಬಿಗಿಹಿಡಿಯಬೇಕೆಂಬ ಈ ಯೋಚನೆ ಎಫ್‌ಎಂಇಎಯ ನೇರ ಬಂಧು.

ಮೋಟಾರು ಉದ್ಯಮಕ್ಕೆ ಪದ್ಧತಿಯನ್ನು ತಂದದ್ದು ಫೋರ್ಡ್, 1970ರ ದಶಕದ ಉತ್ತರಾರ್ಧದಲ್ಲಿ. ಅದರ ಹಿಂದೆ ಪಿಂಟೊ ಕಾರಿನ ನೆರಳಿತ್ತು. ಆ ಕಾರಿನ ಪೆಟ್ರೋಲ್ ಟ್ಯಾಂಕ್ ಹಿಂದಿನ ಅಚ್ಚಿಗೂ ಬಂಪರಿಗೂ ನಡುವೆ ಇದ್ದು, ಹಿಂದಿನಿಂದ ಬೇರೆ ವಾಹನ ಗುದ್ದಿದರೆ ಟ್ಯಾಂಕ್ ಮುಂದಕ್ಕೆ ನುಗ್ಗಿ ಬೋಲ್ಟುಗಳಿಗೆ ತಾಗಿ ತೂತಾಗಬಹುದಿತ್ತು. ಬೆಂಕಿ ಹೊತ್ತಿ ಜನ ಸತ್ತರು, ಮೊಕದ್ದಮೆಗಳು ನಡೆದವು, 1978ರಲ್ಲಿ ಸುಮಾರು 15 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಮೋಟಾರು ಕಾರ್ಖಾನೆಗೆ ಬಂದ ಮೇಲೆ ಎಫ್‌ಎಂಇಎ ಎರಡು ಕವಲಾಯಿತು. ವಸ್ತುವಿನ ವಿನ್ಯಾಸದಲ್ಲೇ ಇರಬಹುದಾದ ಕೊರತೆಯನ್ನು ಹುಡುಕುವುದು ಡಿಸೈನ್ ಎಫ್‌ಎಂಇಎ. ವಿನ್ಯಾಸ ಸರಿಯಿದೆ ಎಂದಿಟ್ಟುಕೊಂಡು, ಅದನ್ನು ತಯಾರಿಸುವಾಗ ಆಗಬಹುದಾದ ತಪ್ಪನ್ನು ಹುಡುಕುವುದು ಪ್ರಾಸೆಸ್ ಎಫ್‌ಎಂಇಎ. ರಾಕೆಟ್ ಒಂದೋ ಎರಡೋ ತಯಾರಾಗುವ ವಸ್ತು. ಕಾರಿನ ಭಾಗ ದಿನಕ್ಕೆ ಸಾವಿರಗಟ್ಟಲೆ ತಯಾರಾಗುವುದರಿಂದ ಈ ಎರಡನೆಯ ಕವಲೇ ಹೆಚ್ಚು ಬೆಳೆಯಿತು.

ಅಷ್ಟರಲ್ಲಿ 1986ರ ಜನವರಿ 28 ಬಂತು. ಚಾಲೆಂಜರ್ ಷಟಲ್ ಮೇಲೇರಿದ 73 ಸೆಕೆಂಡಿಗೆ ಒಡೆದು ಏಳು ಮಂದಿ ಸತ್ತರು. ಇದರಲ್ಲಿ ಮನಸ್ಸನ್ನು ಕಲಕುವ ಸಂಗತಿ ಒಂದಿದೆ: ಯಾವ ಭಾಗ ಸೋತಿತೋ ಆ ಭಾಗ, ಸೋತರೆ ಏನಾಗುತ್ತದೆ ಎಂಬ ಪರಿಣಾಮದ ಸಮೇತ, ನಾಸಾದ ಎಫ್‌ಎಂಇಎಯಲ್ಲಿ ಮೊದಲೇ ದಾಖಲಾಗಿತ್ತು. ಷಟಲಿನ ಪಕ್ಕದ ಘನ ಇಂಧನದ ರಾಕೆಟ್ಟುಗಳನ್ನು ತುಂಡುಗಳಾಗಿ ಮಾಡಿ ಜೋಡಿಸುತ್ತಿದ್ದರು. ಜೋಡಣೆಯ ಸಂದಿನಲ್ಲಿ ಬಿಸಿ ಅನಿಲ ನುಗ್ಗದಂತೆ ಸುಮಾರು ಏಳು ಮಿಲಿಮೀಟರ್ ದಪ್ಪದ ಎರಡು ರಬ್ಬರ್ ಓ-ರಿಂಗುಗಳು. ಒಂದು ಹೋದರೆ ಇನ್ನೊಂದಿದೆ ಎಂಬ ಲೆಕ್ಕದಲ್ಲಿ 1980ರಲ್ಲಿ ಈ ಕೀಲನ್ನು ‘1ಆರ್’ ವರ್ಗಕ್ಕೆ, ಎಂದರೆ ಬದಲಿ ಇರುವ ಪ್ರಾಣಾಂತಿಕ ಭಾಗದ ವರ್ಗಕ್ಕೆ ಸೇರಿಸಿದ್ದರು. ಉರಿಯುವಾಗಿನ ಒತ್ತಡಕ್ಕೆ ಕೀಲು ಬಾಯಿ ಬಿಡುತ್ತದೆ, ಆಗ ಎರಡನೆಯ ರಿಂಗ್ ತನ್ನ ಜಾಗದಲ್ಲಿ ಬಿಗಿಯಾಗಿ ಕೂರದೆ ಹೋಗಬಹುದು ಎಂದು ಪರೀಕ್ಷೆಗಳು ತೋರಿಸಿದಾಗ, 1982ರ ಡಿಸೆಂಬರ್‌ನಲ್ಲಿ ಅದನ್ನು ‘1’ನೇ ವರ್ಗಕ್ಕೆ ಏರಿಸಿದರು. ಬದಲಿ ಇಲ್ಲ, ಕೆಟ್ಟರೆ ನೌಕೆಯೂ ಜನರೂ ಇಲ್ಲ ಎಂದು ಅದರ ಅರ್ಥ.

ಇಲ್ಲಿಯವರೆಗೆ ಪದ್ಧತಿ ತನ್ನ ಕೆಲಸ ಮಾಡಿತ್ತು. ಕೈಕೊಟ್ಟದ್ದು ಆಮೇಲೆ. 1983ರ ಮಾರ್ಚ್‌ನಲ್ಲಿ ಆ ಭಾಗಕ್ಕೆ ವಿನಾಯಿತಿ ಕೊಡುವ ಪತ್ರಕ್ಕೆ ಸಹಿ ಬಿತ್ತು, ಏಪ್ರಿಲ್‌ನಲ್ಲಿ ಮುಂದಿನ ಷಟಲ್ ಹಾರಿತು. ವರ್ಗ ಬದಲಾದ ಮೇಲೂ ನಾಸಾದ ಮಾರ್ಷಲ್ ಕೇಂದ್ರದ ದೋಷ ದಾಖಲಾತಿಯಲ್ಲಿ ಅದು ಹಳೆಯ ‘1ಆರ್’ ಆಗಿಯೇ ಉಳಿಯಿತು. 1985ರ ಜನವರಿಯ ಚಳಿಯ ಹಾರಾಟದಲ್ಲಿ ಅನಿಲ ಮೊದಲ ರಿಂಗನ್ನು ದಾಟಿ ಕಪ್ಪು ಮಸಿ ಬಿಟ್ಟುಹೋಗಿತ್ತು. ಆ ವರ್ಷದ ಜುಲೈನಲ್ಲಿ ಉಡಾವಣೆಗೆ ಒಂದು ನಿರ್ಬಂಧ ಹಾಕಿದರು, ಆಮೇಲಿನ ಪ್ರತಿ ಹಾರಾಟಕ್ಕೂ ಆ ನಿರ್ಬಂಧವನ್ನು ಸಡಿಲಿಸುತ್ತ ಬಂದರು. ಚಾಲೆಂಜರ್ ಹಾರುವ ಹಿಂದಿನ ರಾತ್ರಿ ರಾಕೆಟ್ ತಯಾರಿಸಿದ ಥಯೋಕಾಲ್ ಕಂಪನಿಯ ಎಂಜಿನಿಯರುಗಳು, 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖದಲ್ಲಿ ಹಾರಿಸಿದ ಅನುಭವವಿಲ್ಲ, ಹಾರಿಸಬೇಡಿ ಎಂದು ವಾದಿಸಿದರು. ಅವರ ಮೇಲಿನವರು ಆ ಮಾತನ್ನು ತಳ್ಳಿಹಾಕಿದರು. ಬೆಳಿಗ್ಗೆ ಉಡಾವಣಾ ಕಟ್ಟೆಯ ಮೇಲೆ ಹಿಮಗಡ್ಡೆಗಳು ಜೋತಾಡುತ್ತಿದ್ದವು. ಮುಂದೆ, ದುರಂತದ ತನಿಖೆ ನಡೆಸಿದ ರೋಜರ್ಸ್ ಆಯೋಗದ ವಿಚಾರಣೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಒಂದು ಲೋಟ ಹಿಮನೀರಿನಲ್ಲಿ ಆ ರಬ್ಬರಿನ ತುಂಡನ್ನು ಹಿಡಿದಿಟ್ಟು, ಚಳಿಗೆ ಅದು ಪುಟಿಯುವ ಗುಣ ಕಳೆದುಕೊಳ್ಳುವುದನ್ನು ಎಲ್ಲರಿಗೂ ಕಾಣಿಸಿದರು.

ಹಾಗಾಗಿ ಚಾಲೆಂಜರ್ ದುರಂತವನ್ನು ಎಫ್‌ಎಂಇಎಯ ಸೋಲು ಎನ್ನುವುದು ಪೂರ್ತಿ ಸರಿಯಲ್ಲ. ಕೋಷ್ಟಕದ ಎಡಭಾಗ ಸರಿಯಾಗಿತ್ತು. ಕ್ರಮ, ಹೊಣೆ, ಗಡುವು ಇರಬೇಕಾದ ಬಲಭಾಗದಲ್ಲಿ ವಿನಾಯಿತಿ ಕುಳಿತಿತ್ತು. ನಾಸಾ ಬಳಿಕ ಷಟಲಿನ ಎಲ್ಲ ಎಫ್‌ಎಂಇಎಗಳನ್ನೂ ಮೊದಲಿನಿಂದ ಪರಿಶೀಲಿಸಿತು. ಕೀಲಿನ ವಿನ್ಯಾಸ ಬದಲಿಸಿ, ಮೂರನೆಯ ಓ-ರಿಂಗ್ ಮತ್ತು ಹೀಟರ್ ಸೇರಿಸಿ, 1988ರ ಸೆಪ್ಟೆಂಬರ್‌ನಲ್ಲಷ್ಟೇ ಮತ್ತೆ ಹಾರಿತು.

1990ರ ದಶಕ ಈ ಪದ್ಧತಿಯನ್ನು ದೊಡ್ಡ ಸಂಸ್ಥೆಗಳಿಂದ ಸಣ್ಣ ಶೆಡ್ಡುಗಳಿಗೆ ಇಳಿಸಿತು. ಅಮೆರಿಕದ ಮೂರು ದೊಡ್ಡ ಕಾರು ಕಂಪನಿಗಳು ಹುಟ್ಟುಹಾಕಿದ ಉದ್ಯಮ ಒಕ್ಕೂಟವಾದ ಎಐಎಜಿ 1993ರಲ್ಲಿ ಎಫ್‌ಎಂಇಎ ಕೈಪಿಡಿಯನ್ನು ಹೊರತಂದಿತು. 1994ರಲ್ಲಿ ಆ ಕಂಪನಿಗಳು ‘ಕ್ಯುಎಸ್-9000’ ಮಾನಕವನ್ನು ತಂದು, ತಮಗೆ ಭಾಗ ಕೊಡುವವರೆಲ್ಲ ಅದನ್ನು ಪಾಲಿಸಬೇಕೆಂದವು. ಅದೇ ವರ್ಷ ಎಸ್‌ಎಇ ಸಂಸ್ಥೆಯ ‘ಜೆ1739’ ಎಂಬ ಎಫ್‌ಎಂಇಎ ಮಾನಕ ಬಂತು. ಜರ್ಮನ್ ಕಾರು ಕಂಪನಿಗಳ ಸಂಘವಾದ ವಿಡಿಎ ತನ್ನದೇ ನಮೂನೆ ಇಟ್ಟುಕೊಂಡಿತ್ತು. ಈ ನಿಯಮಗಳ ಬಿಸಿ ಬೆಂಗಳೂರಿಗೂ ತಟ್ಟಿತು. ನಗರದ ಆಡುಗೋಡಿಯಲ್ಲಿ ಡೀಸೆಲ್ ಪಂಪ್ ಮಾಡುತ್ತಿದ್ದ ಮೈಕೊ ಜರ್ಮನಿಯ ಬಾಷ್ ಸಮೂಹದ್ದು. ಬಿಡದಿಯಲ್ಲಿ 1999ರ ಕೊನೆಗೆ ಕಾರು ತಯಾರಿಸತೊಡಗಿದ ಟೊಯೊಟಾ ಜಪಾನಿನದು. ಇಂಥ ಕಂಪನಿಗಳಿಗೆ, ಅವುಗಳ ಸರಬರಾಜುದಾರರಿಗೆ ಟರ್ನಿಂಗ್, ಗ್ರೈಂಡಿಂಗ್, ಪ್ರೆಸ್ ಕೆಲಸ ಮಾಡಿಕೊಡುವ ಪೀಣ್ಯದ ಘಟಕಗಳಲ್ಲಿ, ಭಾಗದ ಮೊದಲ ಸ್ಯಾಂಪಲ್ ಕೊಡುವಾಗ ಪ್ರಾಸೆಸ್ ಎಫ್‌ಎಂಇಎಯನ್ನೂ ಜೊತೆಗಿಡಬೇಕೆಂಬ ವಾಡಿಕೆ ನೆಲೆಗೊಂಡಿತು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ನಮೂನೆ ತುಂಬುವ ಶ್ರಮ ಅಂಥ ಘಟಕಗಳ ಕ್ವಾಲಿಟಿ ಎಂಜಿನಿಯರುಗಳದಾಯಿತು.

ಅಂಥ ಕೋಷ್ಟಕದ ಒಂದು ಸಾಲು ಹೇಗಿರುತ್ತದೆ ಎಂದು ನೋಡಬಹುದು. ಬ್ರೇಕ್ ಹೋಸಿನ ತುದಿಗೆ ಹಾಕುವ ಲೋಹದ ಫಿಟ್ಟಿಂಗಿನಲ್ಲಿ ಎಣ್ಣೆ ಹರಿಯಲು ಮೂರು ಮಿಲಿಮೀಟರಿನ ತೂತು ಕೊರೆಯುವ ಹಂತ ಎಂದಿಟ್ಟುಕೊಳ್ಳೋಣ. ತೂತು ಪೂರ್ತಿ ಬೀಳದಿರುವುದು ವೈಫಲ್ಯದ ಬಗೆ. ಬ್ರೇಕ್ ಹಿಡಿಯದಿರುವುದು ಅದರ ಪರಿಣಾಮ. ಡ್ರಿಲ್ ಬಿಟ್ ಮುರಿದಿದ್ದು ಯಾರಿಗೂ ತಿಳಿಯದಿರುವುದು ಕಾರಣ. ಹೊಸಬರು ಈ ಮೂರನ್ನೂ ಕಲಸಿ ಬರೆಯುವುದೇ ಹೆಚ್ಚು. ‘ಡ್ರಿಲ್ ಮುರಿತ’ವನ್ನು ಬಗೆ ಎಂದೂ ‘ಆಪರೇಟರ್ ತಪ್ಪು’ ಎಂಬುದನ್ನು ಕಾರಣವೆಂದೂ ಬರೆದುಬಿಡುತ್ತಾರೆ. ಆಪರೇಟರ್ ತಪ್ಪು ಎಂದು ಬರೆದರೆ ಮುಂದೆ ಮಾಡಲು ಏನೂ ಉಳಿಯುವುದಿಲ್ಲ, ‘ತಿಳಿವಳಿಕೆ ನೀಡಲಾಯಿತು’ ಎಂಬ ಒಂದು ಸಾಲಿನ ಹೊರತು. ಇನ್ನು ಅಂಕ. ತೀವ್ರತೆ, ಎಂದರೆ ಸಿವಿಯಾರಿಟಿ, 10: ಜೀವಕ್ಕೇ ಅಪಾಯ. ಆಗುವ ಸಾಧ್ಯತೆ, ಅಕರೆನ್ಸ್, 4. ಪತ್ತೆ, ಡಿಟೆಕ್ಷನ್, ಉಲ್ಟಾ ಅಳತೆ. ಸುಲಭವಾಗಿ ಸಿಕ್ಕಿದರೆ 1, ಸಿಗುವಂತೆಯೇ ಇಲ್ಲದಿದ್ದರೆ 10. ಕೊನೆಯಲ್ಲಿ ಕಣ್ಣಳತೆಯ ತಪಾಸಣೆ ಮಾತ್ರ ಇದ್ದರೆ 8. ಮೂರನ್ನೂ ಗುಣಿಸಿದರೆ 320. ಇದಕ್ಕೆ ಆರ್‌ಪಿಎನ್, ಎಂದರೆ ರಿಸ್ಕ್ ಪ್ರಯಾರಿಟಿ ನಂಬರ್, ಎಂದು ಹೆಸರು. ಬಿಟ್ ಎಷ್ಟು ಭಾಗ ಕೊರೆದ ಮೇಲೆ ಬದಲಿಸಬೇಕೆಂದು ಯಂತ್ರವೇ ಎಣಿಸುವಂತೆ ಮಾಡಿದರೆ ಅಕರೆನ್ಸ್ 2ಕ್ಕೆ ಇಳಿಯಬಹುದು. ಪ್ರತಿ ಭಾಗದ ತೂತಿಗೂ ಗಾಳಿ ಊದಿ, ಹರಿಯದಿದ್ದರೆ ಫಿಕ್ಸ್ಚರ್ ಭಾಗವನ್ನೇ ಬಿಡದಂತೆ ಮಾಡಿದರೆ ಡಿಟೆಕ್ಷನ್ 3ಕ್ಕೆ. ಆಗ ಆರ್‌ಪಿಎನ್ 60. ತೀವ್ರತೆ ಮಾತ್ರ 10ರಲ್ಲೇ ಇರುತ್ತದೆ; ವಿನ್ಯಾಸ ಬದಲಾಗದೆ ಅದು ಇಳಿಯದು.

ಈ ಗುಣಾಕಾರ ಸುಲಭ, ಆದ್ದರಿಂದಲೇ ಬೇಗ ಹಬ್ಬಿತು. ಅದರ ದೋಷವೂ ಗಂಭೀರ. 1ರಿಂದ 1000ದವರೆಗೆ ಹರಡಿರುವಂತೆ ಕಂಡರೂ ಈ ಅಳತೆಯಲ್ಲಿ ಬರಬಹುದಾದ ಬೇರೆ ಬೇರೆ ಸಂಖ್ಯೆಗಳು 120 ಮಾತ್ರ. 1000ದ ಕೆಳಗಿನ ಮೊದಲ ಸಂಖ್ಯೆಯೇ 900. ಜೀವಾಪಾಯದ ಒಂದು ದೋಷ 9, 2, 3 ಅಂಕ ಪಡೆದು 54 ಆದರೆ, ಬಣ್ಣ ಸ್ವಲ್ಪ ಮಾಸುವಂಥ ಸಣ್ಣ ದೋಷ 4, 5, 3 ಪಡೆದು 60 ಆಗಿ ಅದಕ್ಕಿಂತ ಮೇಲೆ ನಿಲ್ಲುತ್ತದೆ. ಇದಕ್ಕಿಂತ ಕೆಟ್ಟದ್ದು ಗಡಿ ಸಂಖ್ಯೆಯ ಅಭ್ಯಾಸ. 100 ದಾಟಿದ ಸಾಲಿಗೆ ಮಾತ್ರ ಕ್ರಮ ಕೈಗೊಳ್ಳಬೇಕೆಂದು ಗಿರಾಕಿ ಹೇಳಿದರೆ, ಅಂಕಗಳನ್ನು ಅಲ್ಲಲ್ಲಿ ಒಂದೊಂದು ಇಳಿಸಿ 96 ತೋರಿಸುವ ಸೆಳೆತ ಹುಟ್ಟುತ್ತದೆ. ಆಗ ತಿದ್ದುಪಡಿ ಆಗುವುದು ಕಾಗದದಲ್ಲಿ, ಯಂತ್ರದಲ್ಲಲ್ಲ. 2008ರ ಎಐಎಜಿ ನಾಲ್ಕನೆಯ ಆವೃತ್ತಿ, ಗಡಿ ಸಂಖ್ಯೆ ಇಟ್ಟುಕೊಳ್ಳುವುದು ಸರಿಯಾದ ಕ್ರಮವಲ್ಲ ಎಂದು ಸ್ಪಷ್ಟವಾಗಿ ಹೇಳಬೇಕಾಯಿತು.

ಜಪಾನಿನಲ್ಲಿ ಇದೇ ಸಂಕಟಕ್ಕೆ ಬೇರೆ ಉತ್ತರ ಸಿಕ್ಕಿತು. ಟೊಯೊಟಾದಲ್ಲಿ ದೀರ್ಘಕಾಲ ಇದ್ದ ತತ್ಸುಹಿಕೊ ಯೋಶಿಮುರ ‘ಡಿಆರ್‌ಬಿಎಫ್‌ಎಂ’ ಎಂಬ ಕ್ರಮವನ್ನು ಬೆಳೆಸಿದರು. ಚೆನ್ನಾಗಿ ನಡೆಯುತ್ತಿರುವ ವಿನ್ಯಾಸದಲ್ಲಿ ತೊಂದರೆ ಹುಟ್ಟುವುದು ಬದಲಾವಣೆ ಮಾಡಿದ ಜಾಗದಲ್ಲಿ; ಆದ್ದರಿಂದ ಎಲ್ಲವನ್ನೂ ಮೇಲೆ ಮೇಲೆ ನೋಡುವ ಬದಲು ಬದಲಾದ ಅಂಶವನ್ನೇ ಹಿಡಿದು, ಅನುಭವಿಗಳ ಜೊತೆ ಕುಳಿತು ಆಳವಾಗಿ ಚರ್ಚಿಸಬೇಕು ಎಂಬುದು ಅವರ ನಿಲುವು. ಅಂಕಗಳಿಗೆ ಅಲ್ಲಿ ದೊಡ್ಡ ಸ್ಥಾನವಿಲ್ಲ. ಅಪೊಲೊ 13ರ ಟ್ಯಾಂಕಿನಲ್ಲಿ 28 ವೋಲ್ಟು 65 ಆದದ್ದನ್ನು ನೆನೆದರೆ ಈ ನಿಲುವಿನ ತೂಕ ಗೊತ್ತಾಗುತ್ತದೆ.

ಆಸ್ಪತ್ರೆಗಳಿಗೆ ಪದ್ಧತಿ ಹೋದದ್ದು ಈ ಶತಮಾನದ ಆರಂಭದಲ್ಲಿ. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆ ವ್ಯವಸ್ಥೆಯ ರೋಗಿ ಸುರಕ್ಷಾ ಕೇಂದ್ರ 2002ರಲ್ಲಿ ‘ಎಚ್‌ಎಫ್‌ಎಂಇಎ’ಯನ್ನು ಪ್ರಕಟಿಸಿತು. ಕೇಂದ್ರದ ಮುಖ್ಯಸ್ಥ ಜೇಮ್ಸ್ ಬೇಜಿಯನ್ ವೈದ್ಯ, ಎಂಜಿನಿಯರ್, ಎರಡು ಬಾರಿ ಷಟಲಿನಲ್ಲಿ ಹಾರಿದ ಗಗನಯಾತ್ರಿ, ಚಾಲೆಂಜರ್ ತನಿಖೆಯಲ್ಲೂ ಕೆಲಸ ಮಾಡಿದವರು. ಅವರ ತಂಡ ಹತ್ತರ ಅಳತೆಯನ್ನು ಬಿಟ್ಟು ತೀವ್ರತೆ, ಸಾಧ್ಯತೆ ಎರಡಕ್ಕೂ ನಾಲ್ಕು ನಾಲ್ಕು ಹಂತ ಮಾತ್ರ ಇಟ್ಟಿತು; ಪತ್ತೆಯಾಗುತ್ತದೆಯೇ ಎಂಬುದಕ್ಕೆ ಅಂಕದ ಬದಲು ಹೌದು-ಅಲ್ಲ ಎಂಬ ಪ್ರಶ್ನೆಗಳ ಸರಣಿ. ನರ್ಸು, ಫಾರ್ಮಸಿಸ್ಟ್, ವೈದ್ಯ ಒಂದೇ ಮೇಜಿನ ಸುತ್ತ ಕುಳಿತು ತುಂಬಬಲ್ಲಷ್ಟು ಅದು ಸರಳ.

ಬೆಂಗಳೂರಿನ ಮಟ್ಟಿಗೆ ಈ ವಿದ್ಯೆ ಕಾರಿನದಷ್ಟೇ ಅಲ್ಲ, ಉಪಗ್ರಹದ್ದೂ ಹೌದು. ಹಾರಿಸಿದ ಮೇಲೆ ಯಾರೂ ಹೋಗಿ ರಿಪೇರಿ ಮಾಡಲಾಗದ ವಸ್ತುವಿಗೆ ಇದು ಅನಿವಾರ್ಯ. ಇಸ್ರೊದ ಮಂಗಳಯಾನ 2013ರ ನವೆಂಬರ್ 5ರಂದು ಹೊರಟು, 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತು. ನಡುವೆ ಸುಮಾರು 300 ದಿನ ಸುಮ್ಮನಿದ್ದ ಮುಖ್ಯ ಎಂಜಿನ್ ಮತ್ತೆ ಹೊತ್ತಬೇಕಿತ್ತು. ಹೊತ್ತದಿದ್ದರೆ ಎಂಬ ಸಾಲಿಗೆ ಮೊದಲೇ ಉತ್ತರ ಸಿದ್ಧವಿತ್ತು: ಇಂಧನಕ್ಕೆ ಪ್ರತ್ಯೇಕವಾದ ಇನ್ನೊಂದು ಕೊಳವೆ ದಾರಿ, ಎರಡು ದಿನ ಮೊದಲು ನಾಲ್ಕು ಸೆಕೆಂಡಿನ ಪರೀಕ್ಷಾ ಉರಿ, ಅದೂ ಕೈಕೊಟ್ಟರೆ ಎಂಟು ಸಣ್ಣ ಎಂಜಿನ್‌ಗಳಿಂದಲೇ ಆದಷ್ಟು ಸಾಧಿಸುವ ಯೋಜನೆ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿದ ಬಳಿಕ, ಚಂದ್ರಯಾನ-3ನ್ನು ಏನೇನು ಕೆಡಬಹುದು ಎಂಬಲ್ಲಿಂದ ಆರಂಭಿಸಿ ರೂಪಿಸಿದ್ದಾಗಿ ಆಗಿನ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದರು. ಸೆನ್ಸರ್ ಕೆಟ್ಟರೆ, ಎಂಜಿನ್ ಕೆಟ್ಟರೆ, ಲೆಕ್ಕ ತಪ್ಪಿದರೆ ಎಂದು ಕೇಳುತ್ತ ಹೋದಾಗ ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ ಸುಮಾರು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು, ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನೆಲ ಮುಟ್ಟಿದರೂ ತಾಳುವಂತೆ ಕಾಲುಗಳನ್ನು ಬಲಪಡಿಸಿದರು. 2023ರ ಆಗಸ್ಟ್ 23ರಂದು ಅದು ಇಳಿಯಿತು.

ಮೋಟಾರು ಉದ್ಯಮದ ಎರಡು ನಮೂನೆಗಳ ಜಗಳ 2019ರ ಜೂನ್‌ನಲ್ಲಿ ಬಗೆಹರಿಯಿತು. ಎಐಎಜಿ ಮತ್ತು ವಿಡಿಎ ಸೇರಿ ಒಂದೇ ಕೈಪಿಡಿ ತಂದವು. ಅದರ ಪ್ರಕಾರ ಕೆಲಸ ಏಳು ಹೆಜ್ಜೆಗಳದು: ಯೋಜನೆ, ರಚನೆಯ ವಿಶ್ಲೇಷಣೆ, ಕಾರ್ಯದ ವಿಶ್ಲೇಷಣೆ, ವೈಫಲ್ಯದ ವಿಶ್ಲೇಷಣೆ, ಅಪಾಯದ ವಿಶ್ಲೇಷಣೆ, ಸುಧಾರಣೆ, ದಾಖಲಾತಿ. ಭಾಗ ಯಾವುದರೊಳಗೆ ಕೂತಿದೆ, ಅದರ ಕೆಲಸವೇನು ಎಂದು ಬರೆಯದೆ ಅದು ಹೇಗೆ ಕೆಡುತ್ತದೆ ಎಂದು ಬರೆಯುವಂತಿಲ್ಲ. ಆರ್‌ಪಿಎನ್ ಜಾಗಕ್ಕೆ ‘ಆಕ್ಷನ್ ಪ್ರಯಾರಿಟಿ’ ಬಂದಿದೆ. ಅದರಲ್ಲಿ ಗುಣಾಕಾರವಿಲ್ಲ, ಮೊದಲು ತೀವ್ರತೆ, ಆಮೇಲೆ ಸಾಧ್ಯತೆ, ಕೊನೆಗೆ ಪತ್ತೆ ಎಂಬ ಕ್ರಮದಲ್ಲಿ ಪಟ್ಟಿ ನೋಡಿ ಹೈ, ಮೀಡಿಯಂ, ಲೋ ಎಂದು ಗುರುತಿಸಬೇಕು. ‘ಹೈ’ ಬಂದ ಸಾಲಿನಲ್ಲಿ ಕ್ರಮವನ್ನೇ ಬರೆಯಬೇಕು. ಕ್ರಮವಿಲ್ಲವೆಂದಾದರೆ ಈಗಿನ ಏರ್ಪಾಡು ಏಕೆ ಸಾಕು ಎಂಬ ಸಮರ್ಥನೆಯನ್ನು ದಾಖಲಿಸಬೇಕು. ತೀವ್ರತೆ 9 ಅಥವಾ 10 ಇರುವ ಹೈ ಮತ್ತು ಮೀಡಿಯಂ ಸಾಲುಗಳನ್ನು ಆಡಳಿತ ವರ್ಗವೂ ಪರಿಶೀಲಿಸಬೇಕೆಂಬ ಶಿಫಾರಸು ಇದೆ. ವಾಹನ ಓಡುತ್ತಿರುವಾಗಲೇ ಸೆನ್ಸರ್ ದೋಷವನ್ನು ಗುರುತಿಸಿ ಸಾಫ್ಟ್‌ವೇರ್ ಸುರಕ್ಷಿತ ಸ್ಥಿತಿಗೆ ಒಯ್ಯುವಂಥ ವ್ಯವಸ್ಥೆಗಳಿಗಾಗಿ ‘ಎಫ್‌ಎಂಇಎ-ಎಂಎಸ್‌ಆರ್’ ಎಂಬ ಹೊಸ ಭಾಗವನ್ನೂ ಈ ಕೈಪಿಡಿ ಸೇರಿಸಿದೆ.